ಒಂದು ಅಂಕ ಕಡಿಮೆ

"ಅದನ್ನ ಒಡೀಬೇಡಿ ಸಾರ್. ಮನೇಲಿ ಮಗು ಇರೋರು ನೀವು."

ಹೇಳಿದವಳು ಸೀಲಿಂಗ್ ಮೆಷಿನ್ ಮುಂದೆ ಕೂರುವ ಹೆಂಗಸು. ಆಫೀಸಿನವರಿಗೆಲ್ಲ ಅವಳು ಅತ್ತೆ. ಅಪರೂಪದ ನಾಣ್ಯಗಳನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಶಾಶ್ವತವಾಗಿ ಮುಚ್ಚುವ ಆಫೀಸು ಅದು. ಹೊಸದಾಗಿ ಸೇರಿದ ಪರೀಕ್ಷಕನಿಗೆ ಹಳೆಯ ಮೇಜಿನ ಡ್ರಾಯರಿನಲ್ಲಿ ಒಂದು ಡಬ್ಬಿ ಸಿಕ್ಕಿತ್ತು. ಒಳಗೆ ಕಪ್ಪಿಟ್ಟ ಬೆಳ್ಳಿ ನಾಣ್ಯ, ಚೀಟಿಯಲ್ಲಿ ಅರವತ್ನಾಲ್ಕು.

"ಒಡೆದ್ರೆ ಏನಾಗುತ್ತೆ ಅತ್ತೆ? ದೆವ್ವ ಬಂದು ರಸೀದಿ ಕೇಳುತ್ತಾ?"

"ಮುಂಚೆ ಈ ಕುರ್ಚೀಲಿ ಇದ್ದೋರು ಒಡೆದರು. ಅವರ ಹೆಂಡ್ತಿ ಮಾತು ಅವತ್ತೇ ನಿಂತೋಯ್ತು. ಯಾರೋ ಮಾಟ ಮಾಡಿಸಿರೋ ಬಿಲ್ಲೆ ಸಾರ್ ಅದು."

"ಹೆಂಡ್ತಿ ಮಾತು ನಿಲ್ಲಿಸುತ್ತಾ? ಹಾಗಾದ್ರೆ ಗಂಡಸರು ಕ್ಯೂ ನಿಲ್ತಾರೆ ಬಿಡಿ!"

ತನ್ನ ಹಾಸ್ಯಕ್ಕೆ ತಾನೇ ನಕ್ಕ. ಅತ್ತೆ ನಗಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಹಗಲಲ್ಲೂ ಕತ್ತಲೆ. ಮೇಜಿನ ಮೇಲೊಂದೇ ದೀಪ. ಅದರ ಕೆಳಗೆ ಡಬ್ಬಿಯನ್ನು ಓರೆ ಹಿಡಿದು ನೋಡಿದವನಿಗೆ ಮೈ ಜುಮ್ಮೆಂದಿತು. ಇದು ಅರವತ್ತೈದರ ನಾಣ್ಯ! ಅರವತ್ನಾಲ್ಕು ಬರೆದವನು ಕಣ್ಣಿದ್ದೂ ಕುರುಡನಿರಬೇಕು. ಕಡಿಮೆ ಅಂಕದ ಡಬ್ಬಿ ಕಂಡರೆ ನಾಣ್ಯದವರ ಕೈ ಸುಮ್ಮನಿರುವುದಿಲ್ಲ. ಒಂದು ಅಂಕ ಹೆಚ್ಚಿದರೆ ಬೆಲೆಯೂ ಏರುತ್ತದೆಂದು ಒಡೆದು, ಹೊರತೆಗೆದು, ಇನ್ನೊಮ್ಮೆ ಪರೀಕ್ಷೆಗೆ ಹಾಕುತ್ತಾರೆ. ಅದೊಂದು ಚಟ. ಬಂದ ತಿಂಗಳಲ್ಲೇ ಹಳಬನ ತಪ್ಪು ಹಿಡಿದೆ ಎಂದು ಹೆಸರು ಮಾಡುವ ಆಸೆ ಇವನಿಗೆ. ಇಕ್ಕಳ ಹಿಡಿದು ಡಬ್ಬಿಯ ಮೂಲೆ ಅದುಮಿದ.

ಟಪ್ಪೆಂದಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ನಾಣ್ಯದ ಅಂಚಿನುದ್ದಕ್ಕೂ ಸೂಜಿಯಿಂದ ಗೀರಿದ ಅಕ್ಷರಗಳು, ಯಾವ ಭಾಷೆಯೋ. ಡಬ್ಬಿಯ ಅಂಚು ಅವನ್ನು ಮುಚ್ಚಿಟ್ಟಿತ್ತು. ಕಿವಿಯ ಪಕ್ಕದಲ್ಲೇ ಯಾರೋ ಹೆಂಗಸು ನಿಟ್ಟುಸಿರಿಟ್ಟು ದಾಟಿಹೋದಂತಾಯಿತು. ಎಸಿ ಶಬ್ದ ಅಂದುಕೊಂಡ.

ಸಂಜೆ ಮನೆಗೆ ಹೋದರೆ ಮಗಳು ಬಾಗಿಲಲ್ಲೇ ನಿಂತಿದ್ದಳು. ಅರಳು ಹುರಿದಂತೆ ಮಾತಾಡುವ ಕೂಸು. ಬಾಯಿ ಆಡುತ್ತಿತ್ತು, ದನಿ ಇಲ್ಲ. ಕತ್ತಿನ ನರ ಉಬ್ಬುವಷ್ಟು ಕೂಗುತ್ತಿದ್ದಳು, ದನಿ ಇಲ್ಲ. ಹೆಂಡತಿ ಅವಳನ್ನೆತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿದಳು. ಗಂಟಲು ಚೆನ್ನಾಗಿದೆ ಎಂದರು ಎಲ್ಲರೂ.

ಮರುದಿನ ಮತ್ತೆ ಆ ಕತ್ತಲೆ ಕೋಣೆಗೆ ಹೋದ. ನಾಣ್ಯ ಮಖಮಲ್ಲಿನ ಮೇಲಿತ್ತು. ಸಣ್ಣಗೆ ನಡುಗುತ್ತಿತ್ತು. ಎತ್ತಿದ. ಬೆಚ್ಚಗಿತ್ತು. ಕಿವಿಗಿಟ್ಟ.

"ಅಪ್ಪಾ. ಕತ್ಲೆ ಅಪ್ಪಾ. ಬಾಗ್ಲು ತೆಗಿ."

ಅವನು ನಾಣ್ಯವನ್ನು ಉಗುರಿನಿಂದ ಕೆರೆದ. ಹಲ್ಲಿನಿಂದ ಕಚ್ಚಿದ. ಒಳಗೆ ಅವಳು ಅಳುತ್ತಲೇ ಇದ್ದಳು.

ಹಳಬನ ಮನೆ ಹುಡುಕಿಕೊಂಡು ಹೋದಾಗ ಬಾಗಿಲು ತೆಗೆದವಳು ಅವನ ಹೆಂಡತಿ. "ಬನ್ನಿ ಬನ್ನಿ, ಕೂತ್ಕೊಳಿ, ಬಿಸಿಲಲ್ಲಿ ಬಂದ್ರಾ, ನೀರು ಕೊಡ್ಲಾ?" ಎಂದು ಮಾತಿನ ಮಳೆಯನ್ನೇ ಸುರಿಸಿದಳು. ಬಹಳ ದಿನ ಬಾಯಿ ಕಟ್ಟಿದ್ದವರ ಉತ್ಸಾಹ. ಹಳಬ ತಲೆ ಎತ್ತಲಿಲ್ಲ.

"ಯಾವಾಗ ಬರ್ತೀರಾ ಅಂತ ಕಾಯ್ತಿದ್ದೆ," ಎಂದ, ಅವಳು ಒಳಗೆ ಹೋದ ಮೇಲೆ. "ಒಡೆದೋರಿಗೆ ಯಾವ ದನಿ ಪ್ರಾಣವೋ ಅದನ್ನೇ ನುಂಗುತ್ತೆ. ಒಂದೇ ದನಿಗೆ ಜಾಗ ಅದರಲ್ಲಿ. ಡಬ್ಬೀಲಿ ಮುಚ್ಚಿಟ್ಟು, ಇನ್ನೊಬ್ರು ಒಡೆದರೆ ಹಳೇದು ಮನೆಗೆ ಬರುತ್ತೆ."

"ಕರಗಿಸಿಬಿಡ್ತೀನಿ."

"ಒಳಗಿರೋದು ಯಾರು ಅಂತ ನೆನಪಿಟ್ಕೊಂಡು ಕರಗಿಸಿ."

ಇವನು ಎದ್ದು ನಿಂತ. ಹಳಬ ಮುಂದುವರಿಸಿದ.

"ಅರವತ್ತೈದು ಅಂತ ನನಗೂ ಗೊತ್ತಿತ್ತು. ಬೇಕಂತಲೇ ಒಂದು ಕಡಿಮೆ ಬರೆದೆ. ಸರಿಯಾದ ಅಂಕ ಕೊಟ್ಟಿದ್ರೆ ಯಾರು ಒಡೀತಿದ್ರು ಹೇಳಿ? ನಮ್ಮೋರ ಚಟ ನನಗೆ ಗೊತ್ತಿಲ್ವಾ? ಮುಖ ತೋರಿಸೋಕೆ ನಾಚಿಕೆಯಾಗಿ ಕೆಲಸ ಬಿಟ್ಟೆ."

ಅವನ ಮುಖಕ್ಕೆ ಉಗಿಯಬೇಕೆನಿಸಿತು ಇವನಿಗೆ. ಉಗಿಯಲಿಲ್ಲ. ಯಾಕೆಂದರೆ ಮೆಟ್ಟಿಲಿಳಿಯುವ ಮೊದಲೇ ಇವನಿಗೆ ಮೇಷ್ಟ್ರ ನೆನಪಾಗಿತ್ತು. ಆ ನೆನಪಿಗೆ ಇವನೇ ಅಸಹ್ಯಪಟ್ಟ, ಆದರೂ ಬಿಡಲಿಲ್ಲ.

ಮೇಷ್ಟ್ರು ನಿವೃತ್ತರು, ಆಫೀಸಿನ ಖಾಯಂ ಗಿರಾಕಿ. ಡಬ್ಬಿ ಒಡೆಸಿ ಮತ್ತೆ ಪರೀಕ್ಷೆಗೆ ಹಾಕುವುದರಲ್ಲಿ ಎತ್ತಿದ ಕೈ. ಕಣ್ಣು ಮಂಜಾಗಿತ್ತು. ದಿನವೂ ಮೊಮ್ಮಗ ಪೇಪರ್ ಓದಿ ಹೇಳುತ್ತಾನೆ ಎಂದು ಬಂದಾಗಲೆಲ್ಲ ಹೇಳಿ ಹಿಗ್ಗುತ್ತಿದ್ದರು. ಆ ಹುಡುಗನ ದನಿ ಅವರಿಗೆ ಏನೆಂದು ಇವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವರನ್ನು ಆರಿಸಿದ.

ಚೀಟಿಯಲ್ಲಿ ತನ್ನ ಕೈಯಾರೆ ಅರವತ್ನಾಲ್ಕು ಬರೆದ. ಅತ್ತೆ ನಾಣ್ಯ ನೋಡಿದಳು, ಇವನ ಮುಖ ನೋಡಿದಳು, ಕುರ್ಚಿ ಬಿಟ್ಟು ಎದ್ದಳು.

"ನನ್ನ ಕೈಲಿ ಆಗಲ್ಲ ಸಾರ್."

"ನನ್ನ ಮಗಳು ಅತ್ತೆ..."

"ಅದು ಗೊತ್ತು. ಇನ್ನೊಬ್ಬರದೂ ಮಗೂನೇ ಅಲ್ವಾ?"

ಇವನು ತಲೆ ತಗ್ಗಿಸಿಕೊಂಡೇ ಮೆಷಿನ್ನಿನ ಹಿಡಿಕೆ ಒತ್ತಿದ. ಪ್ಲಾಸ್ಟಿಕ್ ಬೆಸೆಯುವ ಮುನ್ನ ಒಳಗಿನಿಂದ ಮತ್ತೊಮ್ಮೆ ಅಪ್ಪಾ ಎಂದು ಕೇಳಿತು.

ಶನಿವಾರ ಮೇಷ್ಟ್ರು ಬಂದರು. ಡಬ್ಬಿಯನ್ನು ಅವರ ಅಂಗೈಯಲ್ಲಿಟ್ಟ. "ಡ್ರಾಯರಲ್ಲಿ ಬಿದ್ದಿತ್ತು, ವಾರಸುದಾರರಿಲ್ಲ. ನಿಮಗೇ ಇರಲಿ. ನನ್ನ ಕೇಳಿದ್ರೆ ಇದು ಅರವತ್ತೈದರದ್ದು. ಮನೇಲೇ ಒಡೆದು ತನ್ನಿ," ಎಂದ. ಹಳಬನಾದರೂ ಬಾಯಿಬಿಟ್ಟು ಯಾರಿಗೂ ಒಡೆಯಿರಿ ಎಂದಿರಲಿಲ್ಲ.

"ನನಗೆಲ್ಲಿ ಕಾಣುತ್ತೆ ಸಾರ್? ನಿಮ್ಮ ಕಣ್ಣೇ ನನ್ನ ಕಣ್ಣು," ಎಂದು ಮೇಷ್ಟ್ರು ಇವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೈ ಬಿಡಿಸಿಕೊಳ್ಳಲು ಇವನಿಗೆ ಬಹಳ ಹೊತ್ತು ಬೇಕಾಯಿತು.

ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಮಗಳು ಕೆಮ್ಮಿದಳು. "ಅಮ್ಮಾ, ಖಾರ!" ಎಂದಳು. ಹೆಂಡತಿಯ ಕೈಯಿಂದ ಲೋಟ ಬಿತ್ತು. ತಾಯಿ ಅತ್ತಳು, ಮಗಳು ನಕ್ಕಳು, ದಿನಗಟ್ಟಲೆ ಬಾಕಿಯಿದ್ದ ಮಾತೆಲ್ಲ ಒಂದೇ ಉಸಿರಿಗೆ ಹೊರಬಂತು. ಇವನು ತಟ್ಟೆ ಪಕ್ಕಕ್ಕೆ ಸರಿಸಿದ. ಎಲ್ಲೋ ಒಂದು ಮನೆಯಲ್ಲಿ ಈಗಷ್ಟೇ ಏನಾಗಿದೆಯೆಂದು ಗೊತ್ತಿದ್ದವನು ಇವನೊಬ್ಬನೇ.

ಫೋನ್ ಬಂತು.

"ಸಾರ್, ನಾನು ಮೇಷ್ಟ್ರು... ಮೊಮ್ಮಗ ಪೇಪರ್ ಓದ್ತಾ ಇದ್ದೋನು ಅರ್ಧಕ್ಕೇ ನಿಂತುಬಿಟ್ಟ. ಬಾಯಿ ಬಿಡ್ತಾನೆ, ದನಿನೇ ಇಲ್ಲ. ನಾನು ಆ ಡಬ್ಬಿ ಒಡೆದೆ, ಆಗಲೇ ಸಾರ್... ನಿಮಗೇನಾದ್ರೂ ಗೊತ್ತಾ?"

ಗೊತ್ತಿತ್ತು. ಹಳಬ ತನಗೆ ಹೇಳಿದಷ್ಟನ್ನಾದರೂ ಹೇಳಬಹುದಿತ್ತು. ಹೇಳಿದರೆ ತಾನೇ ಮಾಡಿದ್ದೆಂದು ಒಪ್ಪಿದಂತೆ. ಬಾಯಿಂದ ಬಂದದ್ದು ನಗು.

"ಏನ್ ಮೇಷ್ಟ್ರೇ, ಓದಿದೋರು ನೀವು. ಮಾಟ-ಗೀಟ ಎಲ್ಲ ನಂಬ್ತೀರಾ?"

ಆ ಕಡೆ ಮುದುಕ ಬಿಕ್ಕುವುದು ಕೇಳಿಸಿತು. ಅದರಾಚೆ ಪೇಪರಿನ ಹಾಳೆಗಳು ಪರಪರ ಎನ್ನುತ್ತಿದ್ದವು. ಹುಡುಗ ಓದಲು ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದ.

"ಯಾರಪ್ಪಾ ಅದು?" ಮಗಳು ಬಂದು ಇವನ ಮೊಣಕಾಲಿಗೆ ಆತುಕೊಂಡಳು. "ಯಾಕೆ ಅಳ್ತಿದಾರೆ?"

"ಗೊತ್ತಿಲ್ಲ ಪುಟ್ಟಾ," ಎಂದ. "ರಾಂಗ್ ನಂಬರ್."