ತೊಗಟೆ ಕಳಚಿದ ಅಣಬೆ

ಹೆಗ್ಗಿರಿ ದುರ್ಗದ ಏಳನೆಯ ಬಾಗಿಲು ತೆರೆಯುವಾಗ ಕಹಳೆ ಮೂರು ಸಲ ಮೊಳಗುವುದು ವಾಡಿಕೆ. ಆದರೆ ಆ ವರ್ಷದ ಮಾಘ ಶುದ್ಧ ಪಂಚಮಿಯ ಬೆಳಿಗ್ಗೆ ಅದು ಐದು ಸಲ ಮೊಳಗಿತು. ಪೇಟೆಬೀದಿಯಲ್ಲಿ ಕಂಬಳಿಯ ಗಂಟು ಬಿಚ್ಚುತ್ತಿದ್ದ ಕುರುಬರು, ತಾಮ್ರದ ಕೊಡಗಳನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದ ಕಂಚುಗಾರರು, ಹೊಂಡದ ಮೆಟ್ಟಿಲ ಮೇಲೆ ನೀರಿನ ಸರದಿಗಾಗಿ ಜಗಳವಾಡುತ್ತಿದ್ದ ಹೆಂಗಸರು, ಎಲ್ಲರೂ ಒಮ್ಮೆಲೇ ತಲೆಯೆತ್ತಿದರು. ಬೆಟ್ಟದ ನೆತ್ತಿಯಲ್ಲಿ, ಅರಮನೆಯ ಮೊಗಸಾಲೆಯ ಅಂಚಿನಲ್ಲಿ, ಎಂಟು ತಿಂಗಳಿಂದ ಯಾರ ಕಣ್ಣಿಗೂ ಬೀಳದಿದ್ದ ರಾಣಿ ಹೊನ್ನಮ್ಮಾಜಿ ತಮ್ಮ ಕಾಲ ಮೇಲೆ ತಾವೇ ನಿಂತು ಪ್ರಜೆಗಳಿಗೆ ಕೈಮುಗಿಯುತ್ತಿದ್ದರು.

"ರಾಣಿ ಸತ್ತೇಹೋದರು, ಸುದ್ದಿ ಮುಚ್ಚಿಟ್ಟವ್ರೆ ಅಂತಿದ್ದೆಯಲ್ಲೇ! ಈಗ ಅಲ್ಲಿ ನಿಂತವರು ಯಾರು, ನಿಮ್ಮತ್ತೆಯಾ?" ಎಂದು ಹೊಂಡದ ಮೆಟ್ಟಿಲ ಮೇಲೊಬ್ಬಳು ಕೇಳಿದಳು.

"ನಮ್ಮತ್ತೆಯಾದರೆ ಕೈಮುಗೀತಿರಲಿಲ್ಲ, ಕೈ ಎತ್ತುತಿದ್ದಳು" ಎಂದಳು ಇನ್ನೊಬ್ಬಳು. ನಗು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ನೀರಿನವರೆಗೂ ಹೋಯಿತು.

ನಗಲು ಕಾರಣವಿತ್ತು. ಮಗ ಯುದ್ಧದಲ್ಲಿ ಮಡಿದ ಮೇಲೆ, ತೊಟ್ಟಿಲಲ್ಲಿದ್ದ ಮೊಮ್ಮಗನ ಪರವಾಗಿ ರಾಜ್ಯದ ಹೊರೆ ಹೊತ್ತವರು ಹೊನ್ನಮ್ಮಾಜಿ. ಅವರ ಕಾಲು ಬಾತು, ಉಸಿರು ಕಟ್ಟಿ, ಹಾಸಿಗೆ ಹಿಡಿದಾಗ ದುರ್ಗವೇ ಹಾಸಿಗೆ ಹಿಡಿದಂತಾಗಿತ್ತು. ಅವರನ್ನು ಎಬ್ಬಿಸಿ ನಿಲ್ಲಿಸಿದವರು ರಾಜವೈದ್ಯ ಸರ್ವೋತ್ತಮ ಪಂಡಿತರು ಎಂದು ಊರೆಲ್ಲ ಹೇಳುತ್ತಿತ್ತು. ಪುರಾತನ ಓಲೆಗರಿಯೊಂದರಲ್ಲಿ ಅಡಗಿದ್ದ 'ಅಮೃತಛತ್ರ ಕಷಾಯ'ವನ್ನು ಅವರು ಹುಡುಕಿ ತೆಗೆದರಂತೆ. ಆ ಬೆಳಿಗ್ಗೆ ರಾಣಿಯ ಎಡಬದಿಯಲ್ಲಿ, ಆಗತಾನೆ ಹೊದಿಸಿದ ಜರತಾರಿ ಶಾಲಿನಲ್ಲಿ ಪಂಡಿತರು ನಿಂತಿದ್ದರು. ಪ್ರಜೆಗಳ ಜಯಕಾರ ಕೇಳಿದಾಗ ಅವರು ತಲೆ ತಗ್ಗಿಸಿದರು. ನೋಡಿದವರು ಅದನ್ನು ವಿನಯವೆಂದು ತಿಳಿದರು.

ಅದು ವಿನಯವಾಗಿರಲಿಲ್ಲ.

ಅವರಿಗೆ ಗೊತ್ತಿದ್ದ ಗ್ರಂಥಗಳೆಲ್ಲ ಸೋತಿದ್ದವು. ಕೊನೆಗೆ ಒಂದು ಮಧ್ಯಾಹ್ನ, ಗುರುತು ಸಿಗದಂತೆ ಮುಸುಕು ಹೊದ್ದು, ಕೋಟೆಯ ಹಿಂಬದಿಯ ಬೇಡರ ಹಟ್ಟಿಗೆ ಇಳಿದು, ನಾಟಿಮದ್ದು ಕೊಡುವ ಗಾದ್ರಕ್ಕ ಎಂಬ ವಿಧವೆಯ ಗುಡಿಸಲ ಮುಂದೆ ನಿಂತಿದ್ದರು. ಅವಳು ಕೊಟ್ಟದ್ದು ಕರಿಮತ್ತಿ ಮರದ ಕಾಂಡಕ್ಕೆ ಗೊರಸಿನಂತೆ ಅಂಟಿಕೊಂಡು ಬೆಳೆಯುವ ಕೆಂಗಂದು ಬಣ್ಣದ ಗಟ್ಟಿ ಅಣಬೆ. ಅದನ್ನು ತೆಳುವಾಗಿ ಹೆಚ್ಚಿ, ಒಂದು ಸೇರು ನೀರು ಪಾವಾಗುವವರೆಗೆ ಕುದಿಸಿ, ಬಿಸಿಯಿರುವಾಗಲೇ ಕುಡಿಸಬೇಕು. ಪ್ರತಿಯೊಂದು ಅಣಬೆಯ ಬುಡದಲ್ಲಿಯೂ ಅಂಗೈಯಗಲದ ತೊಗಟೆಯ ತುಂಡು ಹಾಗೆಯೇ ಉಳಿದಿತ್ತು.

"ಈ ತೊಗಟೆಯೇಕೆ?" ಎಂದು ಪಂಡಿತರು ಕೇಳಿದ್ದರು.

"ಅದು ಅದರ ಗುರುತು, ಅಯ್ನೋರೆ. ಮೊಸಳೆ ಬೆನ್ನಿನಂಗೆ ಸೀಳಿದ್ರೆ ಮತ್ತಿ. ಬೂದಿ ಬಣ್ಣಕ್ಕೆ ನುಣ್ಣಗಿದ್ರೆ ಕಾಸರಕ. ಕಾಸರಕದ ಮೇಲೆ ಬೆಳೆದ ಅಣಬೆನೂ ಇಂಥದ್ದೇ ಕಾಣ್ತದೆ, ಕುಡಿದೋರು ಬಿಲ್ಲಿನಂಗೆ ಬಾಗಿ ಸಾಯ್ತಾರೆ. ತೊಗಟೆ ಇಲ್ಲದ ಅಣಬೆನ ನಮ್ಮ ಹಟ್ಟೀಲಿ ಯಾರೂ ಮುಟ್ಟಲ್ಲ. ಊರು ಹೇಳದ ನೆಂಟನ್ನ ನೀವು ಮನೆಯೊಳಕ್ಕೆ ಬಿಟ್ಕೋತೀರಾ?"

ಮದ್ದು ಫಲಿಸಿತು. ಹತ್ತು ದಿನಕ್ಕೆ ಬಾವು ಇಳಿಯಿತು. ಆಗ ಪಂಡಿತರನ್ನು ಬೇರೊಂದು ರೋಗ ಹಿಡಿಯಿತು. ನಾಲ್ಕು ತಲೆಮಾರಿನ ರಾಜವೈದ್ಯ ಮನೆತನ, ಕಾಶಿಯಲ್ಲಿ ಹನ್ನೆರಡು ವರ್ಷದ ಓದು. ಇಷ್ಟಾದ ಮೇಲೆ ಬೇಡರ ಹೆಂಗಸೊಬ್ಬಳ ಕೈಮದ್ದಿನಿಂದ ರಾಣಿ ಎದ್ದರೆಂದು ಸಭೆಯಲ್ಲಿ ಹೇಗೆ ಹೇಳುವುದು? ಅವರು ಹೊಸ ಓಲೆಯ ಮೇಲೆ ತಾವೇ ನಾಲ್ಕು ಸಂಸ್ಕೃತ ಶ್ಲೋಕಗಳನ್ನು ಕೊರೆದರು. ದೀಪದ ಮಸಿ ಬಳಿದು, ಒಲೆಯ ಹೊಗೆಗೆ ಹಿಡಿದು ಅದನ್ನು ಹಳೆಯದಾಗಿಸಿದರು. ಗಾದ್ರಕ್ಕನಿಗೆ ಹಿತ್ತಿಲ ಬಾಗಿಲಿನಿಂದ ಬರಬೇಕೆಂದೂ ಯಾರ ಮುಂದೆಯೂ ಬಾಯಿ ಬಿಡಬಾರದೆಂದೂ ಹೇಳಿ ಮಾತು ತೆಗೆದುಕೊಂಡರು. ತೊಗಟೆಯನ್ನು ಕಂಡರೆ ಕಾಡಿನವರ ಕೈಯೆಂದು ತಿಳಿದೀತೆಂದು, ಅವಳು ತಂದ ಪ್ರತಿ ಅಣಬೆಯ ತೊಗಟೆಯನ್ನೂ ತಮ್ಮ ಚೂರಿಯಿಂದ ತಾವೇ ಹೆರೆದು ತೆಗೆಯತೊಡಗಿದರು.

"ಹೆರೀಬ್ಯಾಡ್ರಿ, ಅಯ್ನೋರೆ" ಎಂದಿದ್ದಳು ಅವಳು.

"ಗುರುತು ನನಗೆ ಗೊತ್ತಿದೆ. ಸಾಕಲ್ಲ?" ಎಂದಿದ್ದರು ಇವರು.

ಈ ಗುಟ್ಟನ್ನು ಅರಿತವನು ಮತ್ತೊಬ್ಬನಿದ್ದ. ಔಷಧದ ಉಗ್ರಾಣದ ಇನ್ನೊಂದು ಬೀಗದ ಕೈ ಕಾವಲುಗಾರ ಬರಮಣ್ಣನ ಬಳಿ ಇತ್ತು, ಬರಮಣ್ಣ ದಳವಾಯಿ ಕೆಂಚರಸರ ಮನುಷ್ಯ. ರಾಣಿ ಸತ್ತರೆ ತೊಟ್ಟಿಲ ಕೂಸಿನ ಹೆಸರಿನಲ್ಲಿ ಆಳುವವರು ತಾವೇ ಎಂದು ಎಂಟು ತಿಂಗಳು ಕಾದಿದ್ದ ಕೆಂಚರಸರಿಗೆ, ಮೊಗಸಾಲೆಯಲ್ಲಿ ನಿಂತ ರಾಣಿಯನ್ನು ಕಂಡು ಆ ಪಂಚಮಿಯ ಬೆಳಿಗ್ಗೆ ಊಟ ಸೇರಿರಲಿಲ್ಲ.

ಹನ್ನೊಂದು ದಿನ ಕಳೆದವು. ಬಹುಳ ಪಾಡ್ಯದಂದು ಪಂಡಿತರು ಎಂದಿನಂತೆ ಉಗ್ರಾಣದ ಬುಟ್ಟಿಯಿಂದ ಒಂದು ಅಣಬೆ ತೆಗೆದು ಕಷಾಯ ಕಾಯಿಸಿದರು. ರಾಜವೈದ್ಯನು ಮೊದಲ ಗುಟುಕು ತಾನು ಕುಡಿದು ಬಟ್ಟಲು ಕೊಡುವುದು ನಿಯಮ. ಕಹಿ ತುಸು ಹೆಚ್ಚಾಗಿತ್ತು. ಕಹಿ ಯಾವಾಗಲೂ ಇರುತ್ತಿತ್ತು ಎಂದುಕೊಂಡು ಬಟ್ಟಲನ್ನು ಮುಂದೆ ಚಾಚಿದರು. ರಾಣಿ ಮೂರು ಗುಟುಕು ಕುಡಿದರು. ಸ್ವಲ್ಪ ಹೊತ್ತಿಗೆ ಪಂಡಿತರ ದವಡೆ ಬಿಗಿಯಿತು. ಅವರು ಕೂಗುವಷ್ಟರಲ್ಲಿ ರಾಣಿಯ ಬೆನ್ನು ಬಿಲ್ಲಿನಂತೆ ಬಾಗಿತ್ತು. ತಾವೂ ಬೆರಳಿಟ್ಟು ಕಕ್ಕಿ, ರಾಣಿಗೆ ವಾಂತಿ ಮಾಡಿಸಿ, ತುಪ್ಪ ಕುಡಿಸಿ, ಕತ್ತಲೆಯ ಕೋಣೆಯಲ್ಲಿ ಸದ್ದಾಗದಂತೆ ಮಲಗಿಸಿ, ಮೂರು ದಿನ ಅವರು ಅಲ್ಲಿಂದ ಕದಲಲಿಲ್ಲ. ರಾಣಿ ಉಳಿದರು.

ಅಷ್ಟರಲ್ಲಿ ಗಾದ್ರಕ್ಕ ಸೆರೆಯಾಗಿದ್ದಳು.

ವಿಚಾರಣೆಗೆ ಮುನ್ನ ದಳವಾಯಿಗಳು ಪಂಡಿತರನ್ನು ಪಕ್ಕದ ಕೋಣೆಗೆ ಕರೆದು ಬಹಳ ಗೌರವದಿಂದ ಕೂರಿಸಿದರು. "ಪಂಡಿತೋತ್ತಮರೇ, ತಮ್ಮ ಕಷಾಯದಲ್ಲಿ ದೋಷವಿಲ್ಲ, ತಮ್ಮ ಓಲೆಗರಿಯೇ ಸಾಕ್ಷಿ. ಹಿತ್ತಿಲಲ್ಲಿ ಸುಳಿದಾಡಿದ ಆ ಹೆಂಗಸು ವಿಷ ಬೆರೆಸಿದ್ದಾಳೆ. ಹಿಂದೆ ಬಂಡಾಯವೆದ್ದಾಗ ಅವಳ ಗಂಡನನ್ನು ನಮ್ಮ ಪಡೆ ಕೊಂದಿತ್ತು, ಆ ಹಗೆ. ತಾವು ಹೆಚ್ಚೇನೂ ಹೇಳಬೇಕಾಗಿಲ್ಲ. ಅವಳು ತಮಗೆ ಯಾರೆಂದು ಕೇಳಿದರೆ, ಗೊತ್ತಿಲ್ಲವೆನ್ನಿ. ಇಲ್ಲವಾದರೆ, ಆ ಓಲೆಗರಿಯನ್ನು ಬಲ್ಲವರ ಕೈಗೆ ಕೊಟ್ಟು ಪರೀಕ್ಷಿಸಬೇಕಾದೀತು."

ತುಂಬಿದ ಸಭೆಯಲ್ಲಿ ಪ್ರಶ್ನೆ ಬಂತು. ಪಂಡಿತರು ನೆಲ ನೋಡಿದರು. ಅವಳೇ ತಪ್ಪಿ ಕಾಸರಕದ್ದನ್ನು ತಂದಿರಬಹುದಲ್ಲ ಎಂದು ಮನಸ್ಸು ಒಂದು ನೆಪ ಹುಡುಕಿಕೊಟ್ಟಿತು. "ಈಕೆ ಯಾರೋ ನಾನರಿಯೆ. ನನ್ನ ಔಷಧ ಗ್ರಂಥದ್ದು" ಎಂದರು.

ಗಾದ್ರಕ್ಕನನ್ನು ಕೇಳಿದರು. ಕೈಗೆ ಕಬ್ಬಿಣದ ಕೊಳ ತೊಡಿಸಿದ್ದ ಆ ಮುದುಕಿ ಪಂಡಿತರನ್ನೇ ನೋಡುತ್ತ ಹೇಳಿದಳು: "ಯಾರಿಗೆ ತರ್ತಿದ್ದೆ ಅಂತ ಹೇಳಲ್ಲ ಅಂತ ಒಬ್ಬರಿಗೆ ಮಾತು ಕೊಟ್ಟೀನಿ. ಹೇಳೋದಿದ್ರೆ ಅವರೇ ಹೇಳ್ಲಿ."

ಸಭೆ ಕಾಯಿತು. ಯಾರೂ ಹೇಳಲಿಲ್ಲ. ಮರುದಿನ ರಾಣಿಯ ಮುದ್ರೆಯೊತ್ತಿಸಿ ಅವಳನ್ನು ಹದ್ದಿನಬಂಡೆಯಿಂದ ಕೆಳಕ್ಕೆ ದೂಡುವುದೆಂದು ತೀರ್ಮಾನವಾಯಿತು.

ಆ ಸಂಜೆ ಪಂಡಿತರು ಉಗ್ರಾಣಕ್ಕೆ ಹೋಗಿ ಸುಮ್ಮನೆ ಕುಳಿತರು. ಮೂಲೆಯಲ್ಲಿ ಒಂದು ಮಡಕೆಯಿತ್ತು. ಮತ್ತಿಯ ತೊಗಟೆ ಹುಣ್ಣು ತೊಳೆಯಲು ಒಳ್ಳೆಯದು. ವೈದ್ಯನ ಕೈ ಯಾವುದನ್ನೂ ಬಿಸಾಡದು, ಹೆರೆದ ತುಂಡುಗಳನ್ನೆಲ್ಲ ಅವರು ಅದರಲ್ಲಿಯೇ ಹಾಕುತ್ತ ಬಂದಿದ್ದರು. ಕೊನೆಯ ಸಲ ಗಾದ್ರಕ್ಕ ತಂದದ್ದು ಆರು ಅಣಬೆ. ಮೇಲಿನ ಆರು ತುಂಡುಗಳನ್ನು ಹೊರತೆಗೆದರು. ಆರೂ ಮೊಸಳೆಯ ಬೆನ್ನು. ಬುಟ್ಟಿಯಲ್ಲಿ ಉಳಿದಿದ್ದ ಐದು ಅಣಬೆಗಳನ್ನು ಒಂದೊಂದಾಗಿ ಆ ತುಂಡುಗಳಿಗೆ ಜೋಡಿಸಿ ನೋಡಿದರು. ಒಡೆದ ಮಡಕೆಯ ಚೂರುಗಳಂತೆ ಕೂಡಬೇಕಾಗಿದ್ದವು, ಒಂದೂ ಕೂಡಲಿಲ್ಲ. ಅಣಬೆಗಳ ಬುಡವನ್ನು ಕೆರೆದಿದ್ದದ್ದು ಅವರ ಚೂರಿಯೇ ಅಲ್ಲ.

ಅವಳು ತಂದದ್ದು ಮತ್ತಿಯದೇ. ಬುಟ್ಟಿ ಬದಲಾದದ್ದು ಬೀಗದೊಳಗೆ. ಬದಲಾಯಿಸಿದವರಿಗೆ ಅದು ಸುಲಭವಾದದ್ದೇಕೆ? ತೊಗಟೆಯಿದ್ದಿದ್ದರೆ ಕುರುಡನೂ ಬೆರಳಾಡಿಸಿ ಹೇಳುತ್ತಿದ್ದ. ರಾಣಿಯ ಬಟ್ಟಲಿಗೆ ವಿಷ ಬರಲು ದಾರಿ ಕಡಿದುಕೊಟ್ಟದ್ದು ತಮ್ಮದೇ ಚೂರಿ. ಪಂಡಿತರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ನೋಡುವವರು ಅಲ್ಲಿ ಯಾರೂ ಇರಲಿಲ್ಲ, ಆದರೂ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ರಾಣಿ ದಿಂಬಿಗೊರಗಿ ಕುಳಿತಿದ್ದರು. ದಳವಾಯಿಗಳು ಆಜ್ಞಾಪತ್ರ ಹಿಡಿದು ನಿಂತಿದ್ದರು. ಬಾಗಿಲ ಬಳಿ ಕಾವಲಿನವರ ನಡುವೆ ಗಾದ್ರಕ್ಕನಿದ್ದಳು, ಬರಮಣ್ಣನೂ ಇದ್ದ. ಮುದ್ರೆಯುಂಗುರ ಅರಗನ್ನು ಮುಟ್ಟುವ ಹೊತ್ತಿಗೆ ಸರ್ವೋತ್ತಮ ಪಂಡಿತರು ಒಂದು ಕಂಕುಳಲ್ಲಿ ಮಡಕೆ, ಇನ್ನೊಂದರಲ್ಲಿ ಬುಟ್ಟಿ ಇಟ್ಟುಕೊಂಡು ಒಳಬಂದರು. ಮೈಮೇಲೆ ಶಾಲು ಇರಲಿಲ್ಲ.

"ಅಮ್ಮಾಜಿಯವರು ಕ್ಷಮಿಸಬೇಕೆಂದು ಕೇಳುವ ಯೋಗ್ಯತೆ ನನಗಿಲ್ಲ" ಎಂದು ಅವರು ನೆಲದ ಮೇಲೆ ಕುಳಿತರು. "ತಮ್ಮನ್ನು ಉಳಿಸಿದ ಮದ್ದು ಈಕೆಯದು. ಓಲೆಗರಿ ನಾನೇ ಕೊರೆದದ್ದು. ನಿನ್ನೆ ಸಭೆಯಲ್ಲಿ ಈಕೆಯನ್ನು ಅರಿಯೆನೆಂದೆ, ಅದು ಸುಳ್ಳು." ಹಾಗೆಂದು ತೊಗಟೆಯ ಆರು ತುಂಡುಗಳನ್ನು ಸಾಲಾಗಿಟ್ಟು, ಅಣಬೆಗಳನ್ನು ಜೋಡಿಸಿ ತೋರಿಸಿ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು.

ಕೆಂಚರಸರು ನಕ್ಕರು. "ಅಣಬೆಯೆಂದರೆ ಅಣಬೆ. ಆ ಮರವಾದರೇನು, ಈ ಮರವಾದರೇನು? ತೊಗಟೆಯ ಚೂರು ಜೋಡಿಸಿ ಆಡುವ ಆಟಕ್ಕೆ ರಾಜಸಭೆ ಕಿವಿಗೊಡುವುದೇ?"

"ಅಣಬೆಗಳೆಲ್ಲ ಒಂದೇ ಎನ್ನುತ್ತೀರಿ" ಎಂದರು ರಾಣಿ. ಅವರ ದನಿ ಇನ್ನೂ ಕ್ಷೀಣವಾಗಿತ್ತು. "ಒಳ್ಳೆಯದು. ಪಂಡಿತರೇ, ಆ ಬುಟ್ಟಿಯದನ್ನೇ ಇಲ್ಲಿಯೇ ಕಾಯಿಸಿರಿ. ಮೊದಲ ಬಟ್ಟಲು ದಳವಾಯಿಗಳಿಗೆ. ಎರಡನೆಯದು ಉಗ್ರಾಣದ ಬೀಗ ಕಾಯುವವನಿಗೆ."

ಅಗ್ಗಿಷ್ಟಿಕೆ ಬಂತು. ಪಂಡಿತರು ಅಣಬೆ ಹೆಚ್ಚಿ ನೀರಿಗೆ ಹಾಕಿದರು. ಪಾತ್ರೆಯ ತಳದಿಂದ ಮೊದಲ ಗುಳ್ಳೆಗಳು ಏಳುತ್ತಿದ್ದಂತೆ ಬರಮಣ್ಣ ದಳವಾಯಿಗಳ ಮುಖ ನೋಡಿದ. ದಳವಾಯಿಗಳು ಅವನನ್ನು ನೋಡಲಿಲ್ಲ. ಹಬೆ ಎದ್ದಿತು. ಬರಮಣ್ಣ ದೊಪ್ಪನೆ ಬಿದ್ದು ರಾಣಿಯ ಮಂಚದ ಕಾಲನ್ನು ತಬ್ಬಿಕೊಂಡ.

"ಕಾಸರಕದ್ದು, ತಾಯೀ! ದಳವಾಯಿಗಳೇ ತಂದುಕೊಟ್ಟರು! ನನಗೆ ಮಕ್ಕಳವ್ರೆ!"

ಕೆಂಚರಸರ ಕೈ ಕತ್ತಿಯ ಹಿಡಿಗೆ ಹೋಯಿತು. ಕಾವಲಿನವರ ನಾಲ್ಕು ಈಟಿಗಳು ಅದಕ್ಕಿಂತ ಮೊದಲೇ ಅವರ ಎದೆ ಮುಟ್ಟಿದ್ದವು. ಅವರನ್ನು ಕರೆದೊಯ್ದ ಮೇಲೆ ರಾಣಿ ಪಂಡಿತರ ಕಡೆ ತಿರುಗಿದರು.

"ಯಾರಿಂದ ಮುಚ್ಚಿಟ್ಟಿರಿ, ಪಂಡಿತರೇ? ನಮ್ಮ ಮನೆತನದ ಮೂಲಪುರುಷ ಇದೇ ಕಾಡಿನಲ್ಲಿ ಉಡದ ಬೇಟೆಯಾಡುತ್ತಿದ್ದ ಬೇಡ. ಬೇಡರ ಮದ್ದು ಬೇಡರ ಹೊಟ್ಟೆಗೆ ನಾಚಿಕೆಯೇ?"

ರಾಣಿ ಅವರಿಗೆ ಶಿಕ್ಷೆ ವಿಧಿಸಲಿಲ್ಲ. ಇನ್ನು ಮುಂದೆ ಮದ್ದು ಏಳನೆಯ ಬಾಗಿಲಿನಿಂದಲೇ, ಹಾಡುಹಗಲಲ್ಲಿ, ತೊಗಟೆಯ ಸಮೇತ ಬರಬೇಕು. ಬುಟ್ಟಿಯನ್ನು ರಾಜವೈದ್ಯರೇ ಹೊತ್ತು, ತಂದವಳ ಹೆಸರನ್ನು ಬಾಗಿಲಲ್ಲಿ ಕೂಗಿ ಹೇಳಬೇಕು ಎಂದರು, ಅಷ್ಟೆ. ಗಾದ್ರಕ್ಕನ ಕೊಳ ಬಿಚ್ಚಿಸಿ, ಏನು ಬೇಕೆಂದು ಕೇಳಿದರು. ಜರತಾರಿ ಶಾಲನ್ನು ಅವಳಿಗೆ ಹೊದಿಸಲು ತರಿಸಿದರು.

"ಇದನ್ನ ಹೊದ್ದು ಮರ ಹತ್ತೋದು ಹೆಂಗವ್ವಾ? ನಂಗೇನೂ ಬ್ಯಾಡ" ಎಂದಳು ಅವಳು. ಕೊಳ ಕಚ್ಚಿದ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತ, ಹೊರಡುವಾಗ ಪಂಡಿತರ ಮುಂದೆ ನಿಂತಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವರಿಗೆ ಹಗುರವಾಗುತ್ತಿತ್ತು.

"ಅಯ್ನೋರೆ, ನನ್ನ ಹೆಸರು ಹೇಳೋದು ಅಷ್ಟು ಕಷ್ಟ ಇತ್ತಾ?"

ಆ ಸುಳ್ಳು ಓಲೆಗರಿಯನ್ನು ಸುಟ್ಟುಬಿಡಿ ಎಂದು ಮನೆಯವರು ಹೇಳಿದರು. ಪಂಡಿತರು ಸುಡಲಿಲ್ಲ. ಓಲೆಯ ಮೇಲೆ ಒಮ್ಮೆ ಕೊರೆದ ಅಕ್ಷರ ಅಳಿಯುವುದಿಲ್ಲ. ಅಳಿಯಬಾರದೆಂದೂ ಅವರಿಗೆ ಅನಿಸಿತು. ನಾಲ್ಕು ಶ್ಲೋಕಗಳ ಕೆಳಗೆ, ಈ ಸಲ ಸಂಸ್ಕೃತವಲ್ಲದ ತಿಳಿಗನ್ನಡದಲ್ಲಿ ಕೊರೆದರು: ಮೇಲಿನದು ಸುಳ್ಳು. ಇದು ಬೇಡರ ಹಟ್ಟಿಯ ಗಾದ್ರಕ್ಕ ಹೇಳಿಕೊಟ್ಟದ್ದು. ತೊಗಟೆ ತೆಗೆಯಬೇಡಿ.

ಆ ಮನೆತನದಲ್ಲಿ ವೈದ್ಯ ಕಲಿಯಲು ಕುಳಿತ ಪ್ರತಿ ಮಗುವೂ ಅಂದಿನಿಂದ ಮೊದಲು ಓದಬೇಕಾದದ್ದು ಆ ಗರಿಯನ್ನೇ, ಮೇಲಿನಿಂದ ಕೆಳಗಿನವರೆಗೆ, ಒಂದಕ್ಷರವನ್ನೂ ಬಿಡದೆ, ಹಿರಿಯರ ಎದುರಿನಲ್ಲಿ ಗಟ್ಟಿಯಾಗಿ.