ಅಚ್ಚುಕಟ್ಟಾದ ಅರಗು

ಮುಂದೆ ಬರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅನುಮಾನವಿದ್ದವರು ಠಾಣೆಗೆ ಹೋಗಿ ದಿನಚರಿ ಪುಸ್ತಕ ತೆಗೆಸಿ ನೋಡಬಹುದು. ಪುಟಗಳೆಲ್ಲ ಇವೆ. ಇಲಿ ಕಡಿದಿರುವುದು ಅಂಚನ್ನು ಮಾತ್ರ, ಅದೂ ಬೇರೆ ಕೇಸಿನದು.

ಹನ್ನೊಂದನೇ ತಾರೀಕು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ಅಲ್ಲಿನ ಬರಹದ ಪೇದೆಯಿಂದ. ತಾನು ಸೀನಿದರೂ ಗಂಟೆ ನಿಮಿಷ ಬರೆದಿಡುವ ಅವನನ್ನು ಎಲ್ಲರೂ ‘ಗಡಿಯಾರ’ ಎಂದೇ ಕರೆಯುತ್ತಿದ್ದರು. ಇನ್ಸ್‌ಪೆಕ್ಟರು ಆಗಷ್ಟೇ ಬೂಟಿನ ದಾರ ಸಡಿಲಿಸಿ, ಊದಿಕೊಂಡ ಕಾಲನ್ನು ಹಳೆಯ ಫೈಲುಗಳ ಕಟ್ಟಿನ ಮೇಲೆ ಇಟ್ಟಿದ್ದರು. ಒಂಬತ್ತು ದಿನದಿಂದ ಅವರಿಗೆ ರಜೆ ಸಿಕ್ಕಿರಲಿಲ್ಲ. ಕೇಳಿದ ರಜೆಯ ಅರ್ಜಿ ಅದೇ ಕಟ್ಟಿನಲ್ಲಿ ಎಲ್ಲೋ ಇತ್ತು.

"ಕಳ್ಳತನ ಆಗಿದೆ ಸಾರ್."

"ಏನು ಹೋಗಿದೆ?"

"ಏನೂ ಹೋಗಿಲ್ಲ. ಡಬ್ಬಿ ಇದ್ದಲ್ಲೇ ಇದೆ."

"ಮತ್ತೆ?"

"ಅದು ನಮ್ಮ ಡಬ್ಬಿ ಅಲ್ಲ."

ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟು ಬೂಟಿನ ದಾರ ಮತ್ತೆ ಬಿಗಿಯತೊಡಗಿದರು.

ಆಕೆ ಒಂದು ಸಣ್ಣ ಕಂಪನಿಯ ಒಡತಿ. ನಿಂತ ನೀರಿನ ಮೇಲೆ ತೇಲುವ ಸಾಸಿವೆಯಷ್ಟು ಪುಟ್ಟ ಎಲೆಯನ್ನು ತೊಟ್ಟಿಗಳಲ್ಲಿ ಬೆಳೆದು, ಒಣಗಿಸಿ, ಅದರಿಂದ ಹಸಿರು ಪ್ರೊಟೀನ್ ಪುಡಿ ತೆಗೆಯುತ್ತಿದ್ದಳು. ಪುಡಿ ಮಾರಲು ಆಹಾರ ಇಲಾಖೆಯ ಅಪ್ರೂವಲ್ ಬೇಕು. ಅದಕ್ಕೆ ಉಳಿದಿದ್ದು ಒಂದೇ ಪರೀಕ್ಷೆ: ಎರಡು ಕಿಲೋ ಪುಡಿ ತುಂಬಿದ ಡಬ್ಬಿಗೆ ಇಲಾಖೆಯ ಅಧಿಕಾರಿ ಹುರಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಒಂದು ಕೋಣೆಯಲ್ಲಿ ಇಡುತ್ತಾರೆ. ವರ್ಷದ ನಂತರ ತಾವೇ ತೆಗೆದು ನೋಡುತ್ತಾರೆ. ಕೆಟ್ಟಿರದಿದ್ದರೆ ಅಪ್ರೂವಲ್. ಆ ವರ್ಷ ಬರುವ ಶುಕ್ರವಾರಕ್ಕೆ ತುಂಬುತ್ತಿತ್ತು.

"ಮುದ್ರೆ ಒಡೆದಿದೆ ಅಂತ ಗೊತ್ತಾದ್ರೆ ಇನ್ನೊಂದು ವರ್ಷ ಕಾಯಬೇಕು ಸಾರ್. ನಮ್ಮ ಹತ್ರ ಐದು ತಿಂಗಳಿಗೆ ಆಗೋವಷ್ಟೇ ಉಸಿರಿರೋದು. ಅರವತ್ತಮೂರು ಜನ ದುಡ್ಡು ಹಾಕಿದಾರೆ."

"ಒಡೆದಿದೆ ಅಂತ ಹೇಗೆ ಗೊತ್ತಾಯ್ತು?"

"ಅರಗು ತುಂಬ ಅಚ್ಚುಕಟ್ಟಾಗಿದೆ."

"ಅದು ತಪ್ಪಾ?"

"ಹಾಕಿದ್ದು ಆಹಾರದ ಸಾಹೇಬ್ರು, ಸಾರ್. ಅವತ್ತು ಅರ್ಧ ಅರಗು ಅವರ ಪ್ಯಾಂಟಿನ ಮೇಲಿತ್ತು."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ಆಯಿತು.

ಸ್ಥಳ ಪಂಚನಾಮೆಗೆ ಇಬ್ಬರು ಪಂಚರು ಬೇಕು, ಅವರಿಗೆ ಕೇಸಿನಲ್ಲಿ ಯಾವ ಹಿತಾಸಕ್ತಿಯೂ ಇರಬಾರದು. ಗಡಿಯಾರ ಬೀದಿಗಿಳಿದ. ಕ್ಷೌರದಂಗಡಿಯವನು "ಬರ್ತೀನಿ, ಆದ್ರೆ ನಂದೂ ಹತ್ತು ಷೇರಿದೆ" ಎಂದ. ಔಷಧದಂಗಡಿಯವನಿಗೆ ಇಪ್ಪತ್ತು. ಛತ್ರಿ ರಿಪೇರಿಯವನು ತನ್ನದು ಐದೇ ಎಂದು ನಾಚಿಕೊಂಡ. ಇಡೀ ಬೀದಿ ಆ ಪುಡಿಯ ಮಾಲೀಕತ್ವದಲ್ಲಿ ಮುಳುಗಿತ್ತು. ಕೊನೆಗೆ ಒಂದೂವರೆ ಗಂಟೆಯ ನಂತರ, ಮೂಲೆಯಲ್ಲಿ ಕೆಟ್ಟು ನಿಂತ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್ ಸಿಕ್ಕರು. ಪಂಚನಾಮೆ ಮುಗಿಯುವಷ್ಟರಲ್ಲಿ ಕಂಡಕ್ಟರ್ ಷೇರು ಇನ್ನೂ ಸಿಗುತ್ತದೆಯೇ ಎಂದು ವಿಚಾರಿಸಿದ.

ಡಬ್ಬಿಯ ಕೋಣೆ ಬಚ್ಚಲಿನಷ್ಟು. ಒಂದು ಹಲಗೆ, ಒಂದು ಥರ್ಮಾಮೀಟರ್, ಒಂದು ಗಾಜಿನ ಕಿಟಕಿ. ಬಾಗಿಲಿಗೆ ಎರಡು ಬೀಗ, ಒಂದು ಕಂಪನಿಯದು, ಒಂದು ಇಲಾಖೆಯದು.

"ಇಲಾಖೆ ಕೀಲಿ ಎಲ್ಲಿದೆ?"

ಒಡತಿ ಗೋಡೆಯ ಮೊಳೆ ತೋರಿಸಿದಳು. "ಸಾಹೇಬ್ರಿಗೆ ಪ್ರತಿ ಸಲ ಓಡಾಡೋದು ಕಷ್ಟ ಅಂತ ಇಲ್ಲೇ ಬಿಟ್ಟು ಹೋದ್ರು."

"ನಿಮ್ಮ ಕೀಲಿ?"

"ಅದೂ ಅಲ್ಲೇ."

ಎರಡು ಬೀಗ, ಎರಡು ಕೀಲಿ, ಒಂದೇ ಮೊಳೆ ಎಂದು ಗಡಿಯಾರ ಬರೆದುಕೊಂಡ. ಇನ್ಸ್‌ಪೆಕ್ಟರು ಅಲ್ಲೇ ಒಂದು ಸ್ಟೂಲ್ ಎಳೆದು ಕೂತರು.

"ಇಲ್ಲಿಗೆ ಯಾರ್ಯಾರು ಬರ್ತಾರೆ?"

"ಶುಕ್ರವಾರ ನಾಲ್ಕರಿಂದ ಐದು, ಷೇರುದಾರರು ಬರ್ತಾರೆ. ಕಿಟಕಿಯಿಂದ ಡಬ್ಬಿ ನೋಡಕ್ಕೆ."

"ಡಬ್ಬಿ ನೋಡಿ ಏನ್ ಮಾಡ್ತಾರೆ?"

"ನೋಡ್ತಾರೆ ಸಾರ್. ಆಸ್ಪತ್ರೆಲಿ ಮಲಗಿರೋರನ್ನ ನೋಡಲ್ವಾ, ಹಾಗೆ. ಆಮೇಲೆ ಹೊರಗೆ ಟೀ ಕುಡೀತಾರೆ, ಹೋಗ್ತಾರೆ."

"ಇದೇ ಥರದ ಇನ್ನೊಂದು ಡಬ್ಬಿ ಹೊರಗಡೆ ಸಿಗುತ್ತಾ?"

ಒಡತಿ ತಲೆ ತಗ್ಗಿಸಿದಳು. "ಅರವತ್ತಮೂರು ಇದೆ. ಉದ್ಘಾಟನೆ ದಿನ ಎಲ್ರಿಗೂ ಒಂದೊಂದು ಕೊಟ್ವಿ. ಖಾಲಿದು. ಅಪ್ರೂವಲ್ ಇಲ್ದೆ ಒಳಗೇನೂ ಹಾಕೋ ಹಾಗಿರ್ಲಿಲ್ಲ."

ಬುಧವಾರ ಬೆಳಗ್ಗೆ ಹತ್ತೂವರೆಗೆ ಆಹಾರ ಅಧಿಕಾರಿ ಬಂದರು. ಭೂತಗನ್ನಡಿ ಹಿಡಿದು ಡಬ್ಬಿಯನ್ನು ನೋಡಿದರು.

"ಮುದ್ರೆ ನಮ್ದೇ ರೀ."

"ಅರಗು?"

ಅಧಿಕಾರಿ ಭೂತಗನ್ನಡಿ ಕೆಳಗಿಟ್ಟರು. "ಇಷ್ಟು ಚೆನ್ನಾಗಿ ನನಗೆ ಹಾಕಕ್ಕೆ ಬರಲ್ಲ."

ಪಂಚರ ಮುಂದೆ ಡಬ್ಬಿ ತೆರೆದರು. ಒಳಗಿದ್ದದ್ದು ಬಟಾಣಿ ಹಿಟ್ಟು. ತೂಗಿದರೆ ಎರಡು ಕಿಲೋಗೆ ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ಗಡಿಯಾರ ಅರಗಿನ ಚೂರನ್ನು ಮೂಗಿನ ಹತ್ತಿರ ತಂದ.

"ಸಾರ್, ಗುಲಾಬಿ ಸೋಪು."

"ನೀನು ಸ್ನಾನ ಮಾಡಿದೀಯ ಅಂತ ಗೊತ್ತಾಯ್ತು ಬಿಡಪ್ಪ."

"ನಂದಲ್ಲ ಸಾರ್, ಅರಗಿಂದು."

ಇನ್ಸ್‌ಪೆಕ್ಟರು ಮೂಸಿ ನೋಡಿದರು. ನಿಜವೇ. ಯಾರೋ ಹಳೆಯ ಮುದ್ರೆಯ ಅಚ್ಚನ್ನು ಸೋಪಿನಲ್ಲಿ ತೆಗೆದುಕೊಂಡು, ಅದರಿಂದ ಹೊಸದನ್ನು ಒತ್ತಿದ್ದಾರೆ. ಅವರು ಹುರಿಯನ್ನು ಬೆಳಕಿಗೆ ಹಿಡಿದರು. ಗಂಟು ಎಷ್ಟು ಬಿಗಿಯೆಂದರೆ ಉಗುರು ಕೂಡ ತೂರದು. ಅರಗು, ಗಂಟು, ಗ್ರಾಂ ತಪ್ಪದ ತೂಕ: ಈ ಮೂರೂ ಸೇರುವ ಕಸುಬು ಯಾವುದೆಂದು ಯೋಚಿಸುತ್ತ ಟೀ ತಣ್ಣಗಾಗುವವರೆಗೆ ಕೂತಿದ್ದರು. ಆಮೇಲೆ ಆ ಹುರಿಯನ್ನು ಲಕೋಟೆಗೆ ಹಾಕಿಕೊಂಡು, ಕಾಲೆಳೆದುಕೊಂಡು, ಅಂಚೆ ಕಚೇರಿಗೆ ನಡೆದರು.

ಚೀಲ ವಿಂಗಡಿಸುವ ಗುಮಾಸ್ತೆ ಲಕೋಟೆ ಬಿಚ್ಚಿದವಳೇ ನಕ್ಕಳು. "ಅಯ್ಯೋ, ಈ ಗಂಟಾ! ಮೂವತ್ನಾಲ್ಕು ವರ್ಷ ಈ ಗಂಟು ಬಿಚ್ಚಕ್ಕಾಗದೆ ಮುಂದಿನ ಪೋಸ್ಟಾಫೀಸಿನೋರು ಶಾಪ ಹಾಕ್ತಿದ್ರು ಸಾರ್. ನಮ್ಮ ಅಂಚೆ ತಾತಂದು. ರಿಟೈರಾಗಿ ಆರು ವರ್ಷ ಆಯ್ತು. ಕೈ ಇನ್ನೂ ಹಾಗೇ ಇದ್ಯಾ? ಪರವಾಗಿಲ್ಲ."

ಡಬ್ಬಿ ನೋಡಲು ಬಂದ ಷೇರುದಾರರು ಸಹಿ ಹಾಕುವ ಶುಕ್ರವಾರದ ರಿಜಿಸ್ಟರಿನಲ್ಲಿ ಅಂಚೆ ತಾತ ಒಂದು ವಾರವೂ ತಪ್ಪಿಸಿರಲಿಲ್ಲ.

ಗುರುವಾರ ಬೆಳಗ್ಗೆ ಏಳು ನಲವತ್ತಕ್ಕೆ ತಾತನ ಮನೆಯಲ್ಲಿ ಸೊಸೆ ಬಾಗಿಲು ತೆರೆದಳು. "ಮಾವ ವಾಕಿಂಗ್ ಹೋಗಿದಾರೆ. ಈಚೆಗೆ ಎರಡು ಸುತ್ತು ಜಾಸ್ತಿ ಹೊಡೀತಾರೆ. ಏನಾಯ್ತು ಸಾರ್?"

"ಅವರ ಊಟ ತಿಂಡಿ ಹೇಗಿದೆಯಮ್ಮ?"

"ಅದೇ ನನಗೂ ತಲೆ ಕೆಟ್ಟಿದೆ. ಒಂದೂವರೆ ತಿಂಗಳಿಂದ ಬೆಳಗ್ಗೆ ತಿಂಡಿ ಬೇಡ ಅಂತಾರೆ. ರೂಮಿನ ಬಾಗಿಲು ಹಾಕ್ಕೊಂಡು ಏನೋ ಕಲಸಿ ಕುಡೀತಾರೆ. ನನ್ನ ಕೈ ರುಚಿ ಇಷ್ಟು ಕೆಟ್ಟಿದ್ಯಾ ಅಂತ ಗಂಡನ ಹತ್ರ ಜಗಳಾನೂ ಆಡ್ದೆ."

ಮಂಚದ ಕೆಳಗೆ ಮುದ್ರೆ ಕತ್ತರಿಸಿದ ಡಬ್ಬಿ ಸಿಕ್ಕಿತು, ಖಾಲಿ. ಅದರೊಳಗೆ ಮಧ್ಯದಲ್ಲಿ ಗುಳಿಬಿದ್ದ ಗುಲಾಬಿ ಸೋಪು. ಪಕ್ಕದಲ್ಲಿ ಕಾಗದ ತೂಗುವ ಪುಟ್ಟ ತಕ್ಕಡಿ ಮತ್ತು ಒಂದು ನೋಟ್‌ಬುಕ್ಕು. ಎಂಟು ಗಂಟೆ ಹತ್ತು ನಿಮಿಷಕ್ಕೆ ಬೆವರೊರೆಸಿಕೊಳ್ಳುತ್ತ ಬಂದ ಅಂಚೆ ತಾತ ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ.

"ಗಂಟಿಂದ ಸಿಕ್ಕೆ, ಅಲ್ವಾ?" ಎಂದ.

"ಸಡಿಲವಾಗಿ ಕಟ್ಟಬಾರದಿತ್ತಾ?"

"ಕೈ ಕೇಳ್ಬೇಕಲ್ಲ ಸಾರ್."

ಎಂಟೂಕಾಲಿಗೆ ದಸ್ತಗಿರಿಯಾಯಿತು. ಹತ್ತಕ್ಕೆ ಠಾಣೆಯಲ್ಲಿ ಒಡತಿ, ಆಹಾರ ಅಧಿಕಾರಿ, ಇನ್ಸ್‌ಪೆಕ್ಟರು ಒಂದೇ ಮೇಜಿನ ಸುತ್ತ ಕೂತಿದ್ದರು. ತಾತನಿಗೂ ಕುರ್ಚಿ ಹಾಕಿದ್ದರು.

"ಪುಡಿ ಏನ್ ಮಾಡಿದ್ರಿ?" ಇನ್ಸ್‌ಪೆಕ್ಟರು ಶುರು ಮಾಡಿದರು.

"ತಿಂದೆ. ದಿನಕ್ಕೆ ಐವತ್ತು ಗ್ರಾಂ, ನಲವತ್ತು ದಿನ. ನಿನ್ನೆ ಮುಗೀತು."

"ಯಾಕೆ?"

"ಸಾಯ್ತೀನಾ ನೋಡೋಣ ಅಂತ."

ಒಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ತಾತ, ಹೊಸ ಪುಡಿ ತೊಟ್ಟಿ ಪಕ್ಕದಲ್ಲೇ ಮೂಟೆಗಟ್ಟಲೆ ಬಿದ್ದಿತ್ತಲ್ಲ. ಆ ಡಬ್ಬಿನೇ ಬೇಕಿತ್ತಾ?"

"ಹೊಸದು ತಿಂದು ಏನಮ್ಮ ಪ್ರಯೋಜನ? ವರ್ಷದ ಹಳೇದು ತಾನೇ ಪರೀಕ್ಷೆಗಿರೋದು?"

"ನಾಳೆ ಸಾಹೇಬ್ರು ತೆಗೆದಾಗ ಬಟಾಣಿ ಹಿಟ್ಟು ಅಂತ ಗೊತ್ತಾಗ್ತಿರ್ಲಿಲ್ವಾ?" ಇನ್ಸ್‌ಪೆಕ್ಟರು ಕೇಳಿದರು.

"ಕೆಟ್ಟಿದ್ಯಾ ಇಲ್ವಾ ಅಂತ ನೋಡ್ತಾರೆ ಅಂದಿದ್ರು. ಬಟಾಣಿ ಹಿಟ್ಟು ಕೆಟ್ಟಿರ್ಲಿಲ್ಲವಲ್ಲ ಸಾರ್."

ಗಡಿಯಾರ ಬರೆಯುವುದನ್ನು ನಿಲ್ಲಿಸಿದ. ಆ ಮಾತಿನಲ್ಲಿ ಅವನಿಗೇನೂ ತಪ್ಪು ಕಾಣಲಿಲ್ಲ.

ತಾತನ ಹೇಳಿಕೆಯಲ್ಲಿ ಉಳಿದದ್ದು ಇಷ್ಟು. ಅವನಿಗೊಬ್ಬ ತಂಗಿ, ಗಂಡ ಸತ್ತವಳು. ತನ್ನ ಹೊಲಿಗೆ ಅಂಗಡಿ ಮಾರಿ ಬಂದದ್ದನ್ನು ಅಣ್ಣನ ಮಾತು ಕೇಳಿ ಈ ಪುಡಿಗೆ ಹಾಕಿದ್ದಳು. ಅಪ್ರೂವಲ್ ಮೊದಲು ಮೂರು ತಿಂಗಳಲ್ಲಿ ಎಂದರು, ಆಮೇಲೆ ಆರು, ಆಮೇಲೆ ಈ ವರ್ಷದ ಡಬ್ಬಿ. ತಂಗಿ ಒಂದು ದಿನವೂ ದುಡ್ಡಿನ ಮಾತೆತ್ತಲಿಲ್ಲ. ಬಂದಾಗಲೆಲ್ಲ ಒಂದೇ ಪ್ರಶ್ನೆ: "ಅಣ್ಣಾ, ಮಕ್ಕಳು ಮರಿ ಅದನ್ನ ತಿಂದ್ರೆ ಏನೂ ಆಗಲ್ಲ ತಾನೆ?" ಮೂರು ವರ್ಷದಿಂದ ಅವನು "ಏನೂ ಆಗಲ್ಲ ಕಣೇ" ಎನ್ನುತ್ತಲೇ ಬಂದಿದ್ದ. "ನನಗೇ ಗೊತ್ತಿಲ್ದೆ ಹೇಳ್ತಿದ್ದೆ ಸಾರ್. ಸೀಲ್ ಮಾಡಿದ ಚೀಲದಲ್ಲಿ ಏನಿದೆ ಅಂತ ಮೂವತ್ನಾಲ್ಕು ವರ್ಷ ನಾನು ಇಣುಕಿ ನೋಡಿದೋನಲ್ಲ. ಇದೊಂದು ನೋಡ್ಬೇಕು ಅನ್ನಿಸ್ತು."

"ಈಗ ಏನಾಗುತ್ತೆ?" ಒಡತಿ ಅಧಿಕಾರಿಯನ್ನು ಕೇಳಿದಳು.

"ಹೊಸ ಡಬ್ಬಿ. ಹೊಸ ಮುದ್ರೆ. ನಾಳೆಯಿಂದ ಒಂದು ವರ್ಷ."

ಐದು ತಿಂಗಳ ಮಾತನ್ನು ಅವಳು ಮತ್ತೆ ಆಡಲಿಲ್ಲ. ಇನ್ಸ್‌ಪೆಕ್ಟರು ನೋಟ್‌ಬುಕ್ಕನ್ನು ಮೇಜಿನ ಮೇಲೆ ಅಧಿಕಾರಿಯ ಕಡೆಗೆ ತಳ್ಳಿದರು. "ಇದನ್ನ ನೋಡಿ ಸಾಹೇಬ್ರೆ. ನಲವತ್ತು ದಿನ. ತೂಕ, ನಾಡಿ, ನಿದ್ದೆ, ಹೊಟ್ಟೆ, ಎಲ್ಲಾ ಬರೆದಿದಾರೆ. ನಮ್ಮ ಪೇದೆನೂ ಇಷ್ಟು ಬರೆಯಲ್ಲ. ಯಾವುದಕ್ಕಾದ್ರೂ ಬರಲ್ವಾ?"

"ಇದಕ್ಕೆ ನಮ್ಮಲ್ಲಿ ಫಾರಂ ಇಲ್ಲ ರೀ." ಅಧಿಕಾರಿ ವಾಚು ನೋಡಿಕೊಂಡರು.

"ಕೇಳಿಯಾದ್ರೂ ನೋಡಿ."

ಅಂಚೆ ತಾತ ಕನ್ನಡಕ ಹಾಕಿಕೊಂಡ. ಪುಟ ತಿರುವಿದ. ಮೂವತ್ತನಾಲ್ಕು ವರ್ಷ ಊರಿನವರಿಗೆ ಕಾಗದ ಓದಿ ಹೇಳಿದ ಗಂಟಲು, ತಡವರಿಸಲಿಲ್ಲ.

"ಮೂವತ್ತೊಂಬತ್ತನೇ ದಿನ. ತೂಕ ಐವತ್ತೆಂಟು ಕಿಲೋ. ನಿದ್ದೆ ಏಳು ಗಂಟೆ. ರುಚಿ, ಇಲ್ಲ. ನಲವತ್ತನೇ ದಿನ, ಬುಧವಾರ. ನಾಡಿ ಎಪ್ಪತ್ತೆರಡು. ಹೊಟ್ಟೆ ಸರಿ ಇದೆ. ಸಂಜೆ ತಂಗಿ ಬಂದಿದ್ಲು. ಕೇಳೋಕೆ ಮುಂಚೇನೇ ನಾನೇ ಅವಳಿಗೆ ಹೇಳ್ದೆ, ನೋಡೇ, ಇನ್ನು ಮೇಲೆ ನಾನು ಗೊತ್ತಿದ್ದೇ ಹೇಳ್ತಿರೋದು, ಅದನ್ನ ತಿಂದ್ರೆ ಏನೂ—"

ಆಹಾರ ಅಧಿಕಾರಿ ಎದ್ದು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಹೋದರು.