ಗುಡ್ಡ ಹತ್ತಿದ ಗಲ್ಲಿ

"ನಮ್ಮ ಗೋಡೆಗೆ ಬಣ್ಣ ಬಳಿಯೋಕೆ ನಿಮಗೆ ಹೇಳಿದವರು ಯಾರು?"

ಏಣಿಯ ಮೇಲಿದ್ದವನು ತಿರುಗಿ ನೋಡಿದ. ಕೆಳಗೆ ನಿಂತವಳ ಕೈಯಲ್ಲಿ ಸ್ಪ್ಯಾನರ್, ಕೆನ್ನೆಯ ಮೇಲೆ ಗ್ರೀಸು, ಕಣ್ಣಲ್ಲಿ ಕೆಂಡ.

ಬಂದರಿನ ಗಲ್ಲಿಯಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವ ಒಬ್ಬಳೇ ಹೆಂಗಸು ಅವಳು. ಊರಿಗೆಲ್ಲ ಮೆಕ್ಯಾನಿಕ್ ಅಕ್ಕ. ಅಪ್ಪನ ಎರಡೂ ಕಾಲು ಸ್ವಾಧೀನ ತಪ್ಪಿದ ಮೇಲೆ ವರ್ಕ್‌ಶಾಪಿನ ಪೂರ್ತಿ ಭಾರ ಅವಳ ಹೆಗಲಿಗೇ ಬಿದ್ದಿತ್ತು. ಅವಳೂ ಅದನ್ನು ಭಾರ ಅಂದುಕೊಂಡವಳಲ್ಲ.

ಏಣಿಯ ಮೇಲಿದ್ದವನು ಪುರಸಭೆಗೆ ಹೊಸದಾಗಿ ಬಂದ ಎಂಜಿನಿಯರು. ಭೂಮಿ ನಡುಗಿದರೆ ಹಿಂದೆಯೇ ಸಮುದ್ರ ನುಗ್ಗುತ್ತದೆ, ಅದಕ್ಕೆ ಜನರನ್ನು ತಯಾರು ಮಾಡಬೇಕು... ಅದೇ ಅವನ ಕೆಲಸ. ಹದಿನೈದು ದಿನಕ್ಕೊಮ್ಮೆ ಸೈರನ್ ಊದಿಸಿ ಎಲ್ಲರನ್ನೂ ಗುಡ್ಡದ ಮೇಲಿನ ಶಾಲೆಗೆ ಓಡಿಸುತ್ತಿದ್ದ. ಜನ ಬೈದುಕೊಳ್ಳುತ್ತಲೇ ಓಡುತ್ತಿದ್ದರು. ಸೈರನ್ ಸಾಹೇಬ ಎಂದು ಹೆಸರೂ ಇಟ್ಟಿದ್ದರು.

"ಕೇಳದೆ ಬಳಿದಿದ್ದು ತಪ್ಪಾಯ್ತು," ಎಂದ ಅವನು. "ನೀರು ಬಂದ್ರೆ ಈ ಗೆರೆ ತನಕ ಬರುತ್ತೆ. ಅದನ್ನ ತೋರಿಸಬೇಕಿತ್ತು."

ಅವಳು ಕತ್ತೆತ್ತಿದಳು. ನೀಲಿ ಗೆರೆ ಬಾಗಿಲಿನ ಮೇಲೆ, ಇನ್ನೂ ಒಂದಾಳು ಎತ್ತರದಲ್ಲಿತ್ತು. ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು.

'ಊರನ್ನೆಲ್ಲ ಎಬ್ಬಿಸೋ ಕೆಲಸ... ದನಿ ನೋಡಿದರೆ ಮಗುವನ್ನು ಮಲಗಿಸೋ ಹಾಗಿದೆಯಲ್ಲ!'

ಅಂದಿನಿಂದ ಅವನು ಆಗಾಗ ವರ್ಕ್‌ಶಾಪಿಗೆ ಬರತೊಡಗಿದ. ಒಮ್ಮೆ ಡೀಸೆಲ್ ಎಂಜಿನ್ ಬಗ್ಗೆ ಸಂದೇಹ, ಇನ್ನೊಮ್ಮೆ ಪಂಪಿನ ಬಗ್ಗೆ. ಸಾಹೇಬರಿಗೆ ದೋಣಿಯೇ ಇಲ್ಲ, ಎಂಜಿನ್ನಿನ ಚಿಂತೆ ಮಾತ್ರ ದಿನವೂ ಎಂದು ಅಪ್ಪ ನಗುತ್ತಿದ್ದರು. ಅವಳು ಕೇಳಿಸದವಳಂತೆ ನಟ್ಟು ಬಿಗಿಯುತ್ತಿದ್ದಳು. ಆದರೆ ಸಂಜೆ ಐದಾಗುತ್ತಿದ್ದಂತೆ ಅವಳ ಕಣ್ಣು ತಾನಾಗಿಯೇ ಬಾಗಿಲ ಕಡೆ ಹೋಗುತ್ತಿತ್ತು.

ಹೀಗಿರುವಾಗ ಒಂದು ದಿನ ಪುರಸಭೆಯ ಗೋಡೆಯ ಮೇಲೆ ಅವನ ವರದಿ ಅಂಟಿಸಿದ್ದರು. ಯಾರು ಎಷ್ಟು ಹೊತ್ತಿನಲ್ಲಿ ಗುಡ್ಡ ತಲುಪಿದರು ಎಂಬ ವಿವರ. ತನ್ನ ಗಲ್ಲಿಯ ಸಾಲಿನಲ್ಲಿ ಅವಳು ಓದಿದಳು: 'ವರ್ಕ್‌ಶಾಪಿನ ಹಿರಿಯರು. ಹೊತ್ತು ತಂದರೂ ಮೂವತ್ತೊಂದು ನಿಮಿಷ. ನೀರು ಬರುವುದರೊಳಗೆ ತಲುಪಲಾರರು.'

ತಲುಪಲಾರರು. ಅಷ್ಟೇ. ಅಪ್ಪನ ಜೊತೆ ಕೂತು ಚಹಾ ಕುಡಿದ ಕೈಯೇ ಅದನ್ನು ಬರೆದಿತ್ತು!

ಮರುದಿನ ಅವನು ಬಂದಾಗ ಅವಳು ಬಾಗಿಲಲ್ಲೇ ತಡೆದಳು.

"ನಮ್ಮಪ್ಪ ಬದುಕಿರುವಾಗಲೇ ಅವರನ್ನ ಸತ್ತವರ ಜೊತೆ ಸೇರಿಸಿಬಿಟ್ರಲ್ಲ. ಇನ್ನು ಈ ಹೊಸಿಲು ತುಳೀಬೇಡಿ."

ಅವನು ಏನೋ ಹೇಳಹೊರಟ. ಮಾತು ಹೊರಡಲಿಲ್ಲ. ತಲೆತಗ್ಗಿಸಿ ಹೊರಟುಹೋದ. ಆ ಮೌನವನ್ನು ಅವಳು ಒಪ್ಪಿಗೆಯೆಂದೇ ತಿಳಿದಳು.

ಅತ್ತುಕೊಂಡು ಕೂರುವ ಜಾಯಮಾನ ಅವಳದಲ್ಲ. ಅಂದೇ ಮಧ್ಯಾಹ್ನ ಹಳೆಯ ಟ್ರಾಲಿಯೊಂದನ್ನು ಬಿಚ್ಚಿ ಹಾಕಿದಳು. ಅದರ ಚಕ್ರ, ಮೀನುಗಾರರು ಕೊಟ್ಟ ಹಗ್ಗ, ಒಂದು ಕುರ್ಚಿ, ಒಂದು ಬ್ರೇಕು... ವಾರದಲ್ಲಿ ಬಂಡಿ ತಯಾರಾಯಿತು. ದಿನವೂ ಬೆಳಗ್ಗೆ ಅಪ್ಪನನ್ನು ಕೂರಿಸಿ ಎಳೆದಳು. ಮೊದಮೊದಲು ನೋಡಿ ನಕ್ಕವರು ಆಮೇಲೆ ತಾವೂ ಕೈ ಹಚ್ಚಿದರು. ಐಸ್ ಫ್ಯಾಕ್ಟರಿಯ ಚಿಕ್ಕಮ್ಮ ತನ್ನ ಅತ್ತೆಗೂ ಒಂದು ಬಂಡಿ ಬೇಕೆಂದಳು. ಹಾಗೆ ಒಂದು ಹೋಗಿ ಆರಾದವು.

ಗುಡ್ಡದ ಮೆಟ್ಟಿಲುಗಳೇ ದೊಡ್ಡ ಅಡ್ಡಿಯಾಗಿದ್ದವು. ಒಂದು ಭಾನುವಾರ ನೋಡಿದರೆ ಪಕ್ಕದಲ್ಲಿ ಇಳಿಜಾರಿನ ದಾರಿ ಅರ್ಧ ಎದ್ದಿತ್ತು. ಮುಂದಿನ ಭಾನುವಾರ ಪೂರ್ತಿಯಾಯಿತು. ಪುರಸಭೆಗೆ ಕೊನೆಗೂ ಕಣ್ಣು ಬಂತು ಎಂದುಕೊಂಡು ಅವಳು ಬಂಡಿ ಹತ್ತಿಸಿದಳು. ಹದಿನಾರು ನಿಮಿಷ! ದಾರಿಯ ತಿರುವಿನಲ್ಲಿ ಅವನು ಗಡಿಯಾರ ಹಿಡಿದು ನಿಂತಿರುತ್ತಿದ್ದ. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ತಿಂಗಳು ಕಳೆಯಿತು. ಬೆಳಗ್ಗೆ ಹತ್ತರ ಸುಮಾರು, ಅವಳು ಎಂಜಿನ್ನಿನ ಕೆಳಗೆ ಮಲಗಿದ್ದಾಗ ನೆಲ ಗುಡುಗಿ ನಡುಗಿತು.

ಒಂದು ಗಳಿಗೆಗೆ ನಿಲ್ಲುವ ನಡುಕವಲ್ಲ ಅದು. ಕಪಾಟುಗಳು ಬಿದ್ದವು, ಗೋಡೆ ಬಿರಿಯಿತು, ನಿಂತವರು ಕೂತರು. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಅಲ್ಲಾಡಿತು. ಕರೆಂಟು ಹೋಗಿ ಸೈರನ್ ಕೂಡ ಮೂಕವಾಯಿತು. ಆದರೆ ಗಲ್ಲಿಯ ತುದಿಯಿಂದ ಅವನ ದನಿ ಕೇಳಿಸಿತು. ಆ ಮೆತ್ತನೆಯ ದನಿ ಒಡೆದು, ಕೀರಲಾಗಿ, ಪ್ರತಿ ಬಾಗಿಲಲ್ಲೂ ಒಂದೇ ಮಾತು ಕೂಗುತ್ತಿತ್ತು.

"ಮೇಲೆ ಹೋಗಿ! ಏನೂ ತಗೋಬೇಡಿ, ಮೇಲೆ ಹೋಗಿ!"

ಯಾರೂ ಗಾಬರಿಯಾಗಿ ದಿಕ್ಕಾಪಾಲಾಗಲಿಲ್ಲ. ಕಾಲಿಗೆ ದಾರಿ ಗೊತ್ತಿತ್ತು. ಆರು ಬಂಡಿಗಳೂ ಒಂದರ ಹಿಂದೊಂದು ಇಳಿಜಾರು ಹತ್ತಿದವು. ಅವಳು ಮೇಲೆ ತಲುಪಿ ತಿರುಗಿ ನೋಡಿದಾಗ ಸಮುದ್ರ ಹಿಂದೆ ಸರಿದು, ಕಾಣಬಾರದ ನೆಲ ಕಾಣುತ್ತಿತ್ತು. ಆಮೇಲೆ ಅದು ಎದ್ದು ಬಂತು. ದೋಣಿಗಳು ಗಲ್ಲಿಯೊಳಗೆ ನುಗ್ಗಿದವು. ಅವಳ ವರ್ಕ್‌ಶಾಪು ಕಣ್ಣೆದುರೇ ಮುಳುಗಿತು.

ಚಿಕ್ಕಮ್ಮ ಗಲ್ಲಿಯವರನ್ನು ಮನೆಮನೆಯಾಗಿ ಕೂಗಿ ಎಣಿಸಿದಳು. ಇಬ್ಬರು ಇರಲಿಲ್ಲ. ಒಬ್ಬರು ಕಿವಿ ಕೇಳಿಸದ ಹೊಲಿಗೆ ಅಜ್ಜಿ. ಇನ್ನೊಬ್ಬ ಅವನು.

ಅವನು ಅಜ್ಜಿಯ ಮನೆ ಕಡೆ ಓಡಿದ್ದನ್ನು ನೋಡಿದೆ ಎಂದು ಯಾರೋ ಅಂದರು. ಇಳಿದು ಹೋಗಲು ಅವಳು ಹೆಜ್ಜೆ ಇಟ್ಟಾಗ ಅಪ್ಪ ಕೈ ಹಿಡಿದರು. ನೀರು ಒಂದೇ ಸಲ ಬರುವುದಲ್ಲ, ಮತ್ತೆ ಮತ್ತೆ ಬರುತ್ತದೆ ಎಂದು ಅವನೇ ಕಲಿಸಿದ್ದ.

"ಆ ವರದಿ ಅಂತ ಅವನು ಬರೆದದ್ದು ಎರಡು ಪುಟ ಮಗಳೇ. ಗೋಡೆಗೆ ಅಂಟಿಸಿದ್ದು ಮೊದಲನೇದು ಮಾತ್ರ."

ಎರಡನೆಯದನ್ನು ಅವನು, ಅವಳಿಲ್ಲದ ಹೊತ್ತಿನಲ್ಲಿ, ಅಪ್ಪನಿಗೆ ಓದಿ ಹೇಳಿದ್ದನಂತೆ. ಈ ಹಿರಿಯರು ತಲುಪುವಂಥ ದಾರಿ ಆಗುವವರೆಗೆ ಊರು ಸಿದ್ಧವಾಗಿದೆ ಎಂದು ತಾನು ಸಹಿ ಹಾಕುವುದಿಲ್ಲ, ಎಂದಿತ್ತು ಅದರಲ್ಲಿ. ಪುರಸಭೆ ಕಿವಿಗೊಡದಿದ್ದಾಗ ರಜೆಯ ದಿನಗಳಲ್ಲಿ ಇಬ್ಬರು ಗಾರೆಯವರನ್ನು ಕಟ್ಟಿಕೊಂಡು ಇಳಿಜಾರು ಕಟ್ಟಿದವನು ಅವನೇ.

"ನನಗ್ಯಾಕೆ ಹೇಳಲಿಲ್ಲ ಅಪ್ಪಾ?"

"ಅವನೇ ಬೇಡ ಅಂದ. ಕೋಪದಲ್ಲಾದ್ರೂ ಬಂಡಿ ಕಟ್ತಿದಾಳೆ, ಕಟ್ಟಲಿ ಅಂದ."

ಅಳಬೇಕೆನಿಸಿತು... ಆದರೆ ಸುತ್ತ ಮುನ್ನೂರು ಜನ ಬಾಯಾರಿ ಕೂತಿದ್ದರು. ಶಾಲೆಯ ಬಾವಿಯ ಪಂಪು ಕರೆಂಟಿಲ್ಲದೆ ನಿಂತಿತ್ತು. ಅವಳು ಮೋಟಾರು ಬಿಚ್ಚಿ ಪಕ್ಕಕ್ಕಿಟ್ಟಳು, ಹೊಲದಲ್ಲಿದ್ದ ಟ್ರ್ಯಾಕ್ಟರ್ ತರಿಸಿದಳು, ಅದರಿಂದ ಪಂಪಿಗೆ ಬೆಲ್ಟು ಕಟ್ಟಿದಳು. ಸಂಜೆಯೊಳಗೆ ನಲ್ಲಿಯಲ್ಲಿ ನೀರು ಬಂತು. ಯಾವ ಕೋಣೆಯಲ್ಲಿ ಹಿರಿಯರು, ಎಲ್ಲಿ ಒಲೆ, ಕುಡಿಯುವ ನೀರಿನಿಂದ ಎಷ್ಟು ದೂರ ಕಕ್ಕಸು... ಎಲ್ಲವನ್ನೂ ಜನ ಅವಳನ್ನೇ ಕೇಳಿದರು. ಅವಳು ತಡವರಿಸದೆ ಹೇಳಿದಳು. ಅವನು ಹೇಳಿಕೊಟ್ಟಿದ್ದ ಒಂದೊಂದು ಮಾತೂ ನೆನಪಿತ್ತು.

'ಬಂದೇ ಬರ್ತಾನೆ. ತಯಾರಿ ಇಲ್ಲದೆ ಎಲ್ಲಿಗೂ ಹೋಗೋನಲ್ಲ ಅವನು.'

ಮರುದಿನ ಬಿಸಿಲೇರಿದ ಮೇಲೆ ಇಳಿಜಾರಿನ ಬುಡದಲ್ಲಿ ಕೆಸರಿನ ಮುದ್ದೆಯಂಥ ಆಕಾರವೊಂದು ಕಂಡಿತು. ಬೆನ್ನ ಮೇಲೆ ಹೊಲಿಗೆ ಅಜ್ಜಿ. ಗುಡ್ಡಕ್ಕೆ ಬರುವಷ್ಟು ಹೊತ್ತಿಲ್ಲದೆ ಐಸ್ ಫ್ಯಾಕ್ಟರಿಯ ತಾರಸಿ ಹತ್ತಿದ್ದರು ಇಬ್ಬರೂ. ಮೆಟ್ಟಿಲುದ್ದಕ್ಕೂ ಅಜ್ಜಿ ಇವನನ್ನು ಕಳ್ಳನೆಂದು ತಿಳಿದು ಗುದ್ದಿದ್ದಳಂತೆ.

ಅಜ್ಜಿಯನ್ನು ಇಳಿಸಿ ಅವನು ನೆಟ್ಟಗಾದ. ಅವಳು ನೀರಿನ ಚೊಂಬು ಕೈಗಿಟ್ಟಳು. ಏನೇನೋ ಹೇಳಬೇಕೆಂದಿದ್ದವಳ ಬಾಯಲ್ಲಿ ಬಂದದ್ದು ಒಂದೇ.

"ಇಷ್ಟು ದಿನ ನಿಮ್ಮನ್ನ ಎಷ್ಟು ಶಪಿಸಿದ್ದೀನಿ ಗೊತ್ತಾ?"

"ಗೊತ್ತು. ಹದಿನಾರು ನಿಮಿಷ ಸುಮ್ನೆ ಬರಲಿಲ್ಲ."

ನಗು ಬಂತು, ಅದರ ಹಿಂದೆಯೇ ತಡೆದಿಟ್ಟ ಅಳುವೂ ಬಂತು. ಊರೆಲ್ಲ ನೋಡುತ್ತಿದ್ದರೂ ಅವಳು ಅವನ ಕೆಸರಿನ ತೋಳಿಗೆ ಹಣೆ ಒತ್ತಿ ನಿಂತಳು.

ಮೂರು ತಿಂಗಳ ನಂತರ ಗಲ್ಲಿಯ ಜನವೆಲ್ಲ ಗುಡ್ಡದ ಮೇಲೆಯೇ ಮನೆ ಕಟ್ಟುವುದೆಂದು ತೀರ್ಮಾನಿಸಿದರು. ದುಡಿಮೆ ಕೆಳಗೆ, ನಿದ್ದೆ ಮೇಲೆ. ಶಾಲೆಯ ಅಂಗಳದಲ್ಲಿ ಮೇಜು ಹಾಕಿಕೊಂಡು ಅವನು ಜಾಗ ಹಂಚುವ ಅರ್ಜಿ ತುಂಬುತ್ತಿದ್ದ. ಅವಳ ಸರದಿ ಬಂತು.

"ಮನೇಲಿ ಎಷ್ಟು ಜನ?" ಎಂದ, ತಲೆಯೆತ್ತದೆ.

"ಮೂರು."

ಪೆನ್ನು ನಿಂತಿತು. "ನೀವು, ಅಪ್ಪ..."

"ಮೂರನೇ ಹೆಸರು ನೀವೇ ಬರ್ಕೊಳ್ಳಿ. ಸ್ಪೆಲ್ಲಿಂಗ್ ನಿಮಗೇ ಚೆನ್ನಾಗಿ ಗೊತ್ತು."

ಅವನ ಕಿವಿಯವರೆಗೂ ಕೆಂಪೇರಿತು. ಆ ಮೆತ್ತನೆಯ ದನಿಯಲ್ಲೇ ಕೇಳಿದ.

"ಯೋಚನೆ ಮಾಡಿ ಹೇಳ್ತಿದ್ದೀಯಾ?"

"ಮಾಡಿ ಮುಗಿದಿದೆ," ಎಂದಳು ಅವಳು, ಕಣ್ಣು ತುಂಬಿಕೊಂಡು. "ಬೇಗ ಬರಿ. ಹಿಂದೆ ಜನ ಕಾಯ್ತಿದಾರೆ."